ಪರಂಗಿ ಕಪ್ತಾನನ ಅರ್ಥಗಾರಿಕೆ

ನಮ್ಮ ಇತಿಹಾಸದ ಮೇಷ್ಟರಿಗೆ ಪ್ರಬಂಧ ತಿದ್ದಿ ತಿದ್ದಿ ಸಾಕಾಗಿತ್ತು. ನಾವೆಲ್ಲ ಪಠ್ಯಪುಸ್ತಕವನ್ನೇ ಹಾಳೆಗೆ ಇಳಿಸಿ ತರುತ್ತಿದ್ದೆವು. ಆ ವರ್ಷ ಅವರು, ಬರೆಯುವುದು ಬೇಡ, ತಾಳಮದ್ದಲೆ ಮಾಡಿ ಎಂದರು. ಪರಂಗಿಯವರು ಹಡಗಿನಲ್ಲಿ ಬಂದು ಬಾರ್ಕೂರಿನ ಅಕ್ಕಿಯನ್ನು ಕಪ್ಪವಾಗಿ ಕೇಳಿದ ಪಾಠ. ಒಬ್ಬರು ಪರಂಗಿ ಕಪ್ತಾನ, ಒಬ್ಬರು ಊರಿನ ವ್ಯಾಪಾರಿ. ಎದುರುಬದುರು ಕೂತು, ಬಾಯಿಪಾಠ ಮಾಡದೆ, ತನ್ನ ಪಾತ್ರವೇ ಸರಿ ಎಂದು ವಾದಿಸಬೇಕು.

ಚೀಟಿ ಎತ್ತಿದಾಗ ಕಪ್ತಾನ ನನ್ನ ತಲೆಗೆ ಬಂದ. ಹಾಜರಿ ಕೂಗಿದರೇ ಬೆವರುವ ಹುಡುಗಿ ನಾನು. ವ್ಯಾಪಾರಿಯಾದವಳೋ, ತಾಳಮದ್ದಲೆಯಲ್ಲಿ ಪಾತ್ರದ ಮಾತಾಡುವ ಅರ್ಥಧಾರಿಯೊಬ್ಬರ ಮೊಮ್ಮಗಳು. ಅವಳ ಮನೆಯಲ್ಲಿ ಊಟಕ್ಕೆ ಕೂತರೂ ವಾದವೇ. ಅರ್ಥ ಹೇಳುವವರು ತಡವರಿಸಿದರೆ ಹಾಡುವ ಭಾಗವತರು ಪದ ಎತ್ತಿ ಕಾಪಾಡುವುದುಂಟು. ನಮ್ಮ ಭಾಗವತರಾಗಿ ಕೂತದ್ದು ಮೇಷ್ಟರೇ, ಅವರಿಗೆ ಒಂದು ಪದವೂ ಬಾರದು.

ಆ ದಿನ ಮುಂದಿನ ಕುರ್ಚಿಯಲ್ಲಿ ನಮ್ಮ ಒಡೆಯರು ಕೂತಿದ್ದರು. ಶಾಲೆಯ ಸಮಿತಿಯವರು. ನಾವು ಗೇಣಿಗೆ ಮಾಡುತ್ತಿದ್ದ ಗದ್ದೆ ಅವರದು, ಮನೆ ನಿಂತ ನೆಲ ಅವರದು. ಅವರು ಏಳಿ ಎಂದರೆ ಒಲೆಯನ್ನೂ ಬಿಟ್ಟು ಏಳಬೇಕಾಗಿದ್ದ ಕಾಲ.

'ಎಲೈ ವ್ಯಾಪಾರಿಯೇ' ಎಂದು ಶುರುಮಾಡಿದವಳ ಮಾತು ಅಲ್ಲೇ ನಿಂತಿತು. ವ್ಯಾಪಾರಿ ಬಿಡಲಿಲ್ಲ. ನೀನು ಉತ್ತದ್ದುಂಟೋ, ಬಿತ್ತಿದ್ದುಂಟೋ, ಯಾವ ನ್ಯಾಯದಿಂದ ಅಕ್ಕಿ ಕೇಳುತ್ತೀ ಎಂದಳು. ನಾನು ಮೇಷ್ಟರನ್ನು ನೋಡಿದೆ. ಅವರು ತಾಳ ಹಿಡಿದು ನನ್ನನ್ನೇ ನೋಡುತ್ತಿದ್ದರು. ಪರಂಗಿಯವರು ಹೇಗೆ ಮಾತಾಡುತ್ತಾರೋ ನನಗೇನು ಗೊತ್ತು? ಅಕ್ಕಿ ಕೇಳುವವರ ಮಾತು ನಾನು ಕೇಳಿದ್ದು ನಮ್ಮ ಅಂಗಳದಲ್ಲಿ ಮಾತ್ರ. ಹೆದರಿಕೆಯಲ್ಲಿ ಅದೇ ಬಾಯಿಂದ ಉದುರಿತು:

"ಮಳಿ ಬಂದ್ರೂ ನನ್ ಪಾಲ್ ನಂಗೆ, ಬರ್ದಿದ್ರೂ ನನ್ ಪಾಲ್ ನಂಗೆ. ಉಳ್ದದ್ದ್ ಉಂಬುಕೆ ಬಿಟ್ಟದ್ದೇ ನನ್ ದೊಡ್ಡ ಮನ್ಸ್."

ಒಡೆಯರು ಪ್ರತಿ ಕೊಯ್ಲಿಗೂ ಹೇಳುತ್ತಿದ್ದ ಮಾತು, ಅಕ್ಷರಶಃ. ಕೂತಲ್ಲಿಂದ ಎದ್ದು ಕೈಯನ್ನು ಬೆನ್ನ ಹಿಂದೆ ಕಟ್ಟಿದ್ದೂ ಅವರ ಹಾಗೆಯೇ. ಮಕ್ಕಳು ಚಪ್ಪಾಳೆ ತಟ್ಟಿದರು. ನನಗೆ ಕುರ್ಚಿಯ ಕಡೆ ಕಣ್ಣೆತ್ತುವ ಧೈರ್ಯ ಬರಲಿಲ್ಲ.

ಮನೆಯಲ್ಲಿ ಹೇಳಿದಾಗ ಅಪ್ಪಯ್ಯ ಬೈಯಲಿಲ್ಲ. ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಎದ್ದುಹೋದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕೊಯ್ಲಿನವರೆಗೂ ಬೇಲಿಯ ದಣಪೆ ಸರಿದ ಸದ್ದಾದರೆ ಅಮ್ಮ ಕೈಯಲ್ಲಿದ್ದುದನ್ನು ಬಿಟ್ಟು ಬಾಗಿಲಿಗೆ ಬರುತ್ತಿದ್ದಳು. ನಾನು ಪುಸ್ತಕ ಹಿಡಿದು ಕೂತರೂ ಒಂದು ಸಾಲೂ ತಲೆಗೆ ಹತ್ತುತ್ತಿರಲಿಲ್ಲ.

ಕೊಯ್ಲು ಮುಗಿದ ಮೇಲೆ ಒಡೆಯರು ಬಂದರು. ಅಂಗಳದಲ್ಲಿ ಭತ್ತದ ರಾಶಿ, ಅದರ ಪಕ್ಕ ಅಪ್ಪಯ್ಯ ತಲೆಯ ಮುಂಡಾಸು ತೆಗೆದು ಕೈಯಲ್ಲಿ ಹಿಡಿದಿದ್ದರು. ನಾನು ಬಾಗಿಲ ಸಂದಿಯಲ್ಲಿದ್ದೆ. ಒಡೆಯರು ನನ್ನನ್ನು ಹೊರಗೆ ಕರೆಸಿದರು. ಲಂಗ ಬಿಗಿಹಿಡಿದು ನಿಂತೆ.

"ನಿನ್ ಮಗ್ಳ್ ಪರಂಗಿಯವ್ನನ್ನ ಸಮಾ ತೋರ್ಸಿತ್ ಮಾರಾಯ," ಎಂದರು ಅಪ್ಪಯ್ಯನಿಗೆ. "ಎಂತಾ ದುಷ್ಟ್ ಜನ ಅವ್ರ್, ಅಲ್ದಾ?"

ಅವರು ಮನಸ್ಸು ಬಿಚ್ಚಿ ನಗುತ್ತಿದ್ದರು. ಆ ಮಾತು ತಮ್ಮದೇ ಎಂದು ಅವರಿಗೆ ಗುರುತೇ ಸಿಕ್ಕಿರಲಿಲ್ಲ. ಅಪ್ಪಯ್ಯ, "ಹೌದ್ ಒಡೆಯಾ," ಎಂದರು, ಅಷ್ಟೇ. ಅಮ್ಮ ಗೋಡೆಗೆ ಒರಗಿದಳು. ನನ್ನ ಉಸಿರು ಇನ್ನೇನು ಹಗುರಾಗಬೇಕು, ಒಡೆಯರು ಕೈಯನ್ನು ಬೆನ್ನ ಹಿಂದೆ ಕಟ್ಟಿ ರಾಶಿಯ ಕಡೆ ತಿರುಗಿದರು. ಆ ವರ್ಷ ಮಳೆ ಕೈಕೊಟ್ಟಿತ್ತು, ರಾಶಿ ಸಣ್ಣದಿತ್ತು.

"ಮಳಿ ಬಂದ್ರೂ ನನ್ ಪಾಲ್ ನಂಗೆ," ಎಂದು ಶುರುಮಾಡಿದರು.

ಸಭೆಯಲ್ಲಿ ಹೆದರಿದ್ದು ಏನೂ ಅಲ್ಲ. ನಿಜವಾಗಿ ಹೆದರಿದ್ದು ಆಗ. ಉಳಿದ ಮಾತನ್ನು ನನ್ನ ತುಟಿ ತಾನಾಗಿಯೇ ಅವರ ಜೊತೆ ಹೇಳುತ್ತಿತ್ತು. ಅಪ್ಪಯ್ಯ ಬಂದು, ಒಡೆಯರಿಗೆ ನನ್ನ ತುಟಿ ಕಾಣದ ಹಾಗೆ ಅಡ್ಡ ನಿಂತರು.