ಅಳತೆಗೆ ಸರಿಹೋದ ನೋಟು

ಮೊನ್ನೆ ಮೊಮ್ಮಗಳು ಹರಿದ ಪುಸ್ತಕಕ್ಕೆ ರಟ್ಟು ಹಾಕುವುದಕ್ಕೆಂದು ಹುಣಸೆಬೀಜದ ಅಂಟು ಕಾಯಿಸುತ್ತಿದ್ದಳು. ಹುಳಿಯೂ ಅಲ್ಲದ, ಸಿಹಿಯೂ ಅಲ್ಲದ, ತುಸು ಸೀದಂತಿರುವ ಆ ವಾಸನೆ ನಡುಮನೆಗೆ ಬಂತು. ಆರಿಸುತ್ತಿದ್ದ ಅಕ್ಕಿಯ ಮೊರ ಕೆಳಗಿಟ್ಟೆ. ಚಿಕ್ಕಜಾಜೂರಿನ ರೈಲ್ವೆ ಮನೆಯ ಒಲೆ, ಅದರ ಮೇಲೆ ಇಂಥದೇ ಅಂಟಿನ ಬಟ್ಟಲು, ಹೊರಗೆ ಕಟ್ಟೆಯ ಮೇಲೆ ಕಾಯುತ್ತ ಕೂತ ಜಾದೂ ಅಜ್ಜ…

ಆಗ ನನಗೆ ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ. ಯಜಮಾನರು ಸ್ಟೇಷನ್ನಿನಲ್ಲಿ ಪಾರ್ಸಲ್ ಗುಮಾಸ್ತರು. ಹಿರಿಯೂರಿನ ತುಂಬಿದ ಮನೆಯಲ್ಲಿ ಬೆಳೆದ ನನಗೆ ಅಲ್ಲಿ ಮಾತಿಗೊಂದು ಜನವಿರಲಿಲ್ಲ. ಗಾಡಿ ಬಂದಾಗ ಒಂದಿಷ್ಟು ಗದ್ದಲ, ಹೋದ ಮೇಲೆ ಬರೀ ಬಯಲು, ಬಿಸಿಲು. ನಮ್ಮ ಬಾಗಿಲಲ್ಲಿ ನಿಂತರೆ ಪ್ಲಾಟ್‌ಫಾರಂ ಕಾಣುತ್ತಿತ್ತು. ಗಾಡಿ ಬರುವುದನ್ನು ನೋಡುವುದೇ ನನ್ನ ಹೊತ್ತು ಹೋಗುವ ದಾರಿಯಾಗಿತ್ತು.

ಅಜ್ಜನನ್ನು ಮೊದಲು ಕಂಡದ್ದು ಹಾಗೇ. ಮಾಸಿದ ಕರಿಕೋಟು, ತಲೆಗೆ ಜರಿ ಉದುರಿದ ರುಮಾಲು. ಪುಣೆ ಕಡೆಯಿಂದ ಬರುವ ಗಾಡಿ ನಿಂತ ಕೂಡಲೇ ಒಂದೊಂದು ಕಿಟಕಿಗೂ ಹೋಗಿ ಏನೋ ಕೇಳುತ್ತಿದ್ದರು. ಭಿಕ್ಷುಕನೆಂದು ಕೆಲವರು ಮುಖ ತಿರುಗಿಸುತ್ತಿದ್ದರು, ಕಳ್ಳನೆಂದು ಕೆಲವರು ಗದರುತ್ತಿದ್ದರು. ಒಮ್ಮೆ ನೀರು ಕೇಳಿಕೊಂಡು ಮನೆ ಬಾಗಿಲಿಗೆ ಬಂದಾಗ ನಾನೇ ಕೇಳಿದೆ, ಏನು ಹುಡುಕುತ್ತೀರಿ ಎಂದು.

“ಪರದೇಶದ ನೋಟು ತಾಯೀ,” ಎಂದರು. ಕೋಟಿನ ಜೇಬಿನಿಂದ ಒಂದು ದಪ್ಪ ಕಾಗದದ ತುಂಡು ತೆಗೆದು ತೋರಿಸಿದರು. “ನಮ್ ರೂಪಾಯಿ ನೋಟಿನ ಅಳತೆ ಇದು. ಇಷ್ಟೇ ಇರಬೇಕು. ಹೆಚ್ಚೂ ಆಗಬಾರದು, ಕಮ್ಮೀನೂ ಆಗಬಾರದು.”

ಮೊದಲ ಮಹಾಯುದ್ಧ ಮುಗಿದ ಹೊಸತು. ಒಂದು ರೂಪಾಯಿಗೂ ಕಾಗದದ ನೋಟು ಬಂದು ಜನ ಇನ್ನೂ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ ಕಾಲ. ಅಜ್ಜ ಪ್ರಾಯದಲ್ಲಿ ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗದ ಸಂತೆಗಳಲ್ಲೆಲ್ಲ ಬೆಳ್ಳಿ ರೂಪಾಯಿಯ ಆಟ ತೋರಿಸಿ ಹೆಸರು ಮಾಡಿದವರು. ಗಾಳಿಯಿಂದ ರೂಪಾಯಿ ಹಿಡಿಯುವುದು, ಹುಡುಗರ ಕಿವಿಯಿಂದ ತೆಗೆಯುವುದು. ಈಗ ಕೈ ನಡುಗುತ್ತಿತ್ತು. ಹೊಳಲ್ಕೆರೆಯ ಸಂತೆಯಲ್ಲಿ ತೋಳಿನೊಳಗಿಂದ ರೂಪಾಯಿ ಜಾರಿ ಠಣ್ಣೆಂದು ಬಿದ್ದು, ಜನ ಕೇಕೆ ಹಾಕಿ ನಕ್ಕಿದ್ದರಂತೆ. ಕಾಗದ ಬಿದ್ದರೆ ಸದ್ದಾಗುವುದಿಲ್ಲ. ಅದಕ್ಕೇ ಈ ಹೊಸ ಆಟ ಕಟ್ಟಿದ್ದರು: ಯಾರದೋ ರೂಪಾಯಿ ನೋಟು ಇಸಕೊಂಡು ಮಡಚುವುದು, ಬಿಚ್ಚಿದರೆ ಪರದೇಶದ ನೋಟು. ಮತ್ತೆ ಮಡಚಿ ಬಿಚ್ಚಿದರೆ ನಮ್ಮದೇ ನೋಟು.

ಎರಡು ನೋಟನ್ನು ಬೆನ್ನಿಗೆ ಬೆನ್ನು ಅಂಟಿಸಿ ಮಾಡುವ ಉಪಾಯವೂ ಇತ್ತಂತೆ. ಬರೀ ಕಾಗದದಲ್ಲಿ ಅದನ್ನು ಅಭ್ಯಾಸ ಮಾಡಲು ನಾನು ಹುಣಸೆಬೀಜದ ಅಂಟು ಮಾಡಿಕೊಡುತ್ತಿದ್ದೆ. ಕಟ್ಟೆಯ ಮೇಲೆ ಕೂತು ಮಾಡಿ ತೋರಿಸುತ್ತಿದ್ದರು. ನೋಡುವವಳು ನಾನೊಬ್ಬಳೇ.

ಆದರೆ ನೋಟು ಸಿಗಬೇಕಲ್ಲ… ಬಸ್ರಾದಿಂದ, ಮಿಸರ್ ದೇಶದಿಂದ ಹಿಂದಿರುಗುವ ಸಿಪಾಯಿಗಳು ಆ ಗಾಡಿಯಲ್ಲಿ ಬರುತ್ತಿದ್ದರು. ಕೆಲವರು ನಗುತ್ತಲೇ ನೋಟು ತೆಗೆದು ತೋರಿಸುತ್ತಿದ್ದರು. ಒಂದು ಕರವಸ್ತ್ರದಷ್ಟು ಅಗಲ, ಇನ್ನೊಂದು ಬೆರಳಿನಷ್ಟು ಚಿಕ್ಕದು. ಅಜ್ಜ ಅಳತೆಯ ಕಾಗದವನ್ನು ಪಕ್ಕದಲ್ಲಿಟ್ಟು ನೋಡಿ, “ಬ್ಯಾಡ ಬಿಡಪ್ಪ, ಒಳ್ಳೇದಾಗ್ಲಿ,” ಎಂದು ಮುಂದಿನ ಕಿಟಕಿಗೆ ಹೋಗುತ್ತಿದ್ದರು. ದೊಡ್ಡದನ್ನು ಕತ್ತರಿಸಬಾರದೇ ಎಂದರೆ, “ಅಂಚು ಹೋದ್ರೆ ಅದು ನೋಟೇ ಅಲ್ಲ ತಾಯೀ. ಜನ ಹಿಡೀತಾರೆ,” ಎಂದು ತಲೆಯಾಡಿಸುತ್ತಿದ್ದರು.

ಅದೇ ಪ್ಲಾಟ್‌ಫಾರಮ್ಮಿನ ಬೇವಿನ ಮರದ ಕೆಳಗೆ ಇನ್ನೊಬ್ಬಳು ಕೂತಿರುತ್ತಿದ್ದಳು. ಹಿರೇಗುಂಟನೂರು ಕಡೆಯ ಕುರಿ ಕಾಯುವ ಮನೆಯ ಹೆಂಗಸು. ನಾನು ಅವ್ವ ಎಂದೇ ಕರೆಯುತ್ತಿದ್ದೆ. ಒಬ್ಬನೇ ಮಗ ದಂಡಿನ ಹೇಸರಗತ್ತೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಬಸ್ರಾಕ್ಕೆ ಹೋಗಿದ್ದ. ಅವನ ಜೊತೆಗಾರ ಹಿಂದಿರುಗಿದಾಗ ಮಗನ ಗಂಟೊಂದನ್ನು ತಂದುಕೊಟ್ಟು, ಆಸ್ಪತ್ರೆಯಲ್ಲಿದ್ದಾನೆ, ಬರುತ್ತಾನೆ ಎಂದು ಹೇಳಿ ನೆಲ ನೋಡಿದನಂತೆ; ಅದನ್ನು ಅವ್ವ ಅಜ್ಜನಿಗೂ ಹೇಳಿದ್ದಳು. ಅವತ್ತಿನಿಂದ ಅವ್ವ ಚಿಕ್ಕಜಾಜೂರಿನ ತಮ್ಮನ ಮನೆಗೆ ಬಂದು ಉಳಿದು, ಗಾಡಿ ಹೊತ್ತಿಗೆ ಬಂದು ಕೂರುತ್ತಿದ್ದಳು. ಹಮಾಲಿಗಳು, ಸ್ಟೇಷನ್ ಮಾಸ್ತರು, ನನ್ನ ಯಜಮಾನರು, ಎಲ್ಲರೂ ಅವಳು ಕೇಳಿದಾಗಲೆಲ್ಲ “ಬರ್ತಾನೆ ಬಿಡವ್ವ” ಎನ್ನುವವರೇ. ಬೇರೆ ಏನೆನ್ನುವುದು?

ಅಜ್ಜ ನೋಟಿಗಾಗಿ ಊರವರನ್ನೆಲ್ಲ ಕೇಳಿದ್ದರು, ಪಕ್ಕದಲ್ಲೇ ಕೂರುತ್ತಿದ್ದ ಅವಳನ್ನು ಮಾತ್ರ ಕೇಳಿರಲಿಲ್ಲ. ಒಂದು ಮಧ್ಯಾಹ್ನ ಗಾಡಿ ಬಂದು ಹೋಗಿ, ಇಬ್ಬರೂ ಬರಿಗೈಯಲ್ಲಿ ಮರದ ಕೆಳಗೆ ಕೂತಿದ್ದರು. ನಾನು ಮಜ್ಜಿಗೆ ತೆಗೆದುಕೊಂಡು ಹೋಗಿದ್ದೆ. ಅವ್ವ ಎಲೆಯಡಿಕೆಯ ಚಂಚಿ ಬಿಚ್ಚಿದಳು. ಒಳಗಿಂದ ಮಡಚಿದ ಕಾಗದವೊಂದು ಬಿತ್ತು. ಅಜ್ಜ ಎತ್ತಿ ಬಿಡಿಸಿದರು. ಪರದೇಶದ ನೋಟು. ಅವರ ಕೈ ತಾನಾಗಿಯೇ ಜೇಬಿಗೆ ಹೋಯಿತು. ಅಳತೆಯ ಕಾಗದವನ್ನು ಅದರ ಮೇಲಿಟ್ಟರು. ಅಂಚಿಗೆ ಅಂಚು ಕೂತಿತು.

“ಇದು ನನ್ ಮಗನ ಗಂಟಿನಾಗಿತ್ತು,” ಎಂದಳು ಅವ್ವ.

ಅಜ್ಜ ಅಳತೆಯ ಕಾಗದವನ್ನು ಜೇಬಿಗಿಟ್ಟು ನೋಟನ್ನು ಅವಳ ಕಡೆ ಚಾಚಿದರು. ಬೇಕು ಎನ್ನಲಿಲ್ಲ. ಅವಳೇ, “ಇದನ್ನೇ ಅಲ್ವೇನ್ ಯಣ್ಣಾ ನೀನು ಹುಡುಕ್ತಿದ್ದಿದ್ದು? ಮಾಡು, ನೋಡಾಣ,” ಎಂದಳು.

ಹಮಾಲಿಗಳು ಸುತ್ತ ಸೇರಿದರು. ಯಜಮಾನರು ತಮ್ಮ ಜೇಬಿನ ರೂಪಾಯಿ ನೋಟು ಕೊಟ್ಟರು. ಅಂಟಿನ ಕೆಲಸ ಬೇಡವೆಂದು ಅಜ್ಜ ಬರಿಗೈಯಲ್ಲೇ ಶುರು ಮಾಡಿದರು. ಅವ್ವನ ನೋಟನ್ನು ಮಡಚಿದರು, ಊದಿದರು, ಬಿಚ್ಚಿದರು. ನಮ್ಮ ರೂಪಾಯಿ ನೋಟು! ಹಮಾಲಿಗಳು ಶಿಳ್ಳೆ ಹಾಕಿದರು. ಅಜ್ಜನ ಕೈ ಅವತ್ತು ಒಂದಿಷ್ಟೂ ನಡುಗಲಿಲ್ಲ. ಮುಖದಲ್ಲಿ ಪ್ರಾಯದ ಕಳೆ ಬಂದಿತ್ತು. ಹಳೆಯ ಸಂತೆಯ ಧಾಟಿಯಲ್ಲಿ ಕೂಗಿದರು:

“ಎಲ್ಲಿ ಹೋತು? ಏಳು ಸಮುದ್ರ ದಾಟಿ ಹೋತು! ಕರೆದ್ರೆ ಬರ್ತೈತೆ…”

ಅಷ್ಟಕ್ಕೇ ಮಾತು ನಿಂತಿತು. ಯಾರೆದುರು ಏನು ಹೇಳುತ್ತಿದ್ದೇನೆಂದು ಅವರಿಗೆ ಹೊಳೆದಿತ್ತು. ಅವ್ವ ಎದ್ದು ನಿಂತಿದ್ದಳು.

“ಕರಿ ಹಂಗಾರೆ,” ಎಂದಳು.

ಅಜ್ಜ ಮಡಚಿ ಬಿಚ್ಚಿದರು. ಅವಳ ನೋಟು ಬಂತು. ಅವ್ವ ಅದನ್ನು ತೆಗೆದುಕೊಳ್ಳಲಿಲ್ಲ. ಅಜ್ಜನ ಮಣಿಕಟ್ಟು ಹಿಡಿದುಕೊಂಡಳು. “ಇದು ಬಂತಲ್ಲ. ನನ್ ಮಗನ್ನೂ ಕರಿ ಯಣ್ಣಾ. ನಿಂಗೆ ಬರ್ತೈತೆ. ಕರಿ.”

ಶಿಳ್ಳೆ ಹಾಕಿದವರು ತಲೆ ತಗ್ಗಿಸಿದರು. ಬರ್ತಾನೆ ಬಿಡವ್ವ ಎಂದು ಈಗಲೂ ಯಾರಾದರೂ ಅನ್ನುತ್ತಾರೆಂದು ನಾನು ಕಾದೆ. ಅಜ್ಜ ಅವಳನ್ನು ಕೂರಿಸಿ, ಎದುರಿಗೆ ನೆಲದ ಮೇಲೆ ತಾವೂ ಕೂತರು. ಅಂಗೈ ಅಗಲಿಸಿದರು. ಎಲ್ಲರೂ ನೋಡುತ್ತಿದ್ದಂತೆಯೇ ಒಂದು ನೋಟು ಮುಂದೆ ಬರುವಾಗ ಇನ್ನೊಂದು ಬೆರಳ ಹಿಂದೆ ಹೇಗೆ ಅಡಗುತ್ತದೆಂದು ನಿಧಾನವಾಗಿ ಮಾಡಿ ತೋರಿಸಿದರು.

“ನೋಡು ತಂಗೀ, ಇದು ಎಲ್ಲೂ ಹೋಗಿರ್ಲಿಲ್ಲ. ಇಲ್ಲೇ ಇತ್ತು. ಅದಕ್ಕೇ ಬಂತು. ಹೋಗಿರಾರನ್ನ ಕರೆಯಾಕೆ ನಂಗ್ ಬರಲ್ಲ. ಯಾರಿಗೂ ಬರಲ್ಲ. ಗಂಟು ತಂದ ಹುಡುಗ ನೆಲ ನೋಡ್ದ ಅಂದ್ಯಲ್ಲ… ಅವನು ಹೇಳಾಕಾಗ್ದೆ ನೋಡ್ದ ತಂಗೀ.”

ಅವ್ವ ಅಳಲಿಲ್ಲ, ಕೂಗಲಿಲ್ಲ. ನೋಟನ್ನು ಮಡಚಿ ಚಂಚಿಗಿಟ್ಟುಕೊಂಡಳು. ಸೆರಗು ಹೊದ್ದುಕೊಂಡು ಹಳಿ ದಾಟಿ ಹೋದಳು. ಮಾರನೆಯ ದಿನ ಬರಲಿಲ್ಲ. ಹಿರೇಗುಂಟನೂರಿಗೆ ಹೊರಟುಹೋದಳೆಂದು ಆಮೇಲೆ ತಿಳಿಯಿತು.

ಆ ಆಟದ ಗುಟ್ಟು ಹಮಾಲಿಗಳ ಬಾಯಿಂದ ಸುತ್ತಲ ಸಂತೆಗಳಿಗೆಲ್ಲ ಹಬ್ಬಿತು. ಇನ್ನು ಯಾವ ನೋಟು ಸಿಕ್ಕಿದ್ದರೂ ಅಜ್ಜನಿಗೆ ಉಪಯೋಗವಿರಲಿಲ್ಲ. ಆದರೂ ಕೆಲವು ದಿನ ಬಂದು ಮರದ ಕೆಳಗೆ ಒಬ್ಬರೇ ಕೂರುತ್ತಿದ್ದರು. ಗಾಡಿ ಬಂದರೆ ಏಳುತ್ತಿರಲಿಲ್ಲ. ಒಮ್ಮೆ ನೀರಿನ ಚೊಂಬು ಹಿಂದಕ್ಕೆ ಕೊಡುತ್ತ, “ಹೇಳಬಾರದಿತ್ತೇನೋ ತಾಯೀ,” ಎಂದರು. ನಾನು ಚೊಂಬು ಇಸಕೊಂಡು ಒಳಗೆ ಹೋದೆ. ಚಿಕ್ಕವಳು ನಾನು… ಆಮೇಲೆ ಬರುವುದು ನಿಂತಿತು. ಹೊಸದುರ್ಗದ ಒಂದು ಛತ್ರದಲ್ಲಿ ತೀರಿಕೊಂಡರೆಂದು ಹಮಾಲಿಯೊಬ್ಬ ಹೇಳಿದ. ನಮಗೂ ಬೇರೆ ಊರಿಗೆ ವರ್ಗವಾಯಿತು.

ಯಜಮಾನರು ಹೋದ ಮೇಲೆ ನಾನು ಹೊಳಲ್ಕೆರೆಯಲ್ಲಿ ಮಗಳ ಮನೆಯಲ್ಲಿದ್ದೇನೆ. ಹೋದ ಚಳಿಗಾಲದಲ್ಲಿ ಕಂಬಳಿ ಮಾರುತ್ತ ಒಬ್ಬಳು ಬಂದಳು. ಮಾತಿಗೆ ಮಾತು ಬಂದು, ಅವಳು ಆ ಅವ್ವನ ತಮ್ಮನ ಮಗಳೆಂದು ಗೊತ್ತಾಯಿತು. ಅವ್ವ ತೀರಿಕೊಂಡು ವರ್ಷಗಳಾಗಿದ್ದವು.

“ಸಾಯಾತನಕ ಆ ಮುದುಕನ್ನ ನೆನಸೋಳು ಕಣ್ರೀ,” ಎಂದಳು ಆ ಹೆಂಗಸು. “‘ಎಲ್ರೂ ಬರ್ತಾನೆ ಬರ್ತಾನೆ ಅಂತ ನನ್ನ ಅಲ್ಲೇ ಕುಂದರ್ಸಿದ್ರು, ಅವನೊಬ್ಬ ಮನೀಗೆ ಕಳಿಸ್ದ, ಅವತ್ತೇ ನಂಗೆ ಅಳಾಕೆ ಬಂದಿದ್ದು’ ಅನ್ನೋಳು.”

ಒಂದು ಕಂಬಳಿ ಕೊಂಡು ಅವಳನ್ನು ಕಳಿಸಿದೆ. ಆ ಮಾತು ಅಜ್ಜನಿಗೆ ಮುಟ್ಟಬೇಕಾಗಿತ್ತು. ಅವರಿಗೆ ಹೆಂಡತಿ ಮಕ್ಕಳಿದ್ದರೋ ಇಲ್ಲವೋ ನಾನು ಕೇಳಿರಲಿಲ್ಲ. ಹುಟ್ಟಿದ ಊರು ಯಾವುದೋ ತಿಳಿಯದು. ಹೆಸರೂ ಗೊತ್ತಿಲ್ಲ. ಈಗ ಯಾರ ಹತ್ತಿರ ಹೇಳಿ ಕಳಿಸಲಿ…