ಬೂದು ಕುದುರೆಯ ಫೋಲ್ಡರು

ಜಿಪಾರ್ ಆ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಮಾವನ ಹೆಸರನ್ನು ಒಂದು ಸಲವೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವಂತಿಲ್ಲ. ಮಾವ, ಮಾವನ ಅಪ್ಪ, ಅಜ್ಜ, ಮುತ್ತಜ್ಜ, ಯಾರ ಹೆಸರೂ ಸೊಸೆಯ ನಾಲಿಗೆಗೆ ಬರಕೂಡದು. ಮಾವನ ಹೆಸರು ಕಾಸಿಮಾಲಿ. ಊರ ಅಂಗಡಿಯವನ ಹೆಸರು ಕಾಸಿಮ್. ಅರ್ಧ ಹೆಸರು ಕೂಡುತ್ತದಲ್ಲ ಎಂದು ಅವನನ್ನೂ ಅವಳು ‘ಸಕ್ಕರೆಯವನು’ ಎಂದೇ ಕರೆಯುತ್ತಿದ್ದಳು. ಮಾವನ ಹತ್ತಿರ ಬೂದು ಬಣ್ಣದ ಕುದುರೆಯೊಂದಿತ್ತು. ಹಾಗಾಗಿ ಆತ ಅವಳ ಪಾಲಿಗೆ ‘ಬೂದು ಕುದುರೆಯವರು’.

ಇಷ್ಟು ನಡೆದುಕೊಂಡಿದ್ದಕ್ಕೆ ಅವಳಿಗೆ ಸಿಕ್ಕಿದ್ದೇನು? ಮಣ್ಣಂಗಟ್ಟಿ. ಗಂಡ ಮೆಲಿಸ್ ಅಕ್ಕನ ಮುಂದೆ ಉಸಿರೆತ್ತದ ಪ್ರಾಣಿ. ಆ ಅಕ್ಕ ಕಾಲಿಪಾ ಮದುವೆಯಾಗಿ ಕಾರಾಕೋಲ್ ಪೇಟೆ ಸೇರಿದ್ದರೂ ತವರಿನ ಒಲೆಯ ಮೇಲೆ ಏನು ಬೇಯುತ್ತಿದೆ ಎನ್ನುವುದೆಲ್ಲ ಅವಳಿಗೆ ಬೇಕು. ಬಂದಳೆಂದರೆ ಸಾರಿಗೆ ಉಪ್ಪು ಜಾಸ್ತಿ, ರೊಟ್ಟಿ ಸೀದಿದೆ, ಹಾಸಿಗೆ ಕೊಳಕು.

“ನಿನ್ನ ಕೈಯಡುಗೆ ತಿಂದೂ ನಮ್ಮಪ್ಪ ಬದುಕಿದಾನಲ್ಲ, ಗಟ್ಟಿ ಜೀವ!” ಎನ್ನುವಳು, ಎರಡನೆಯ ಸಲ ಬಡಿಸಿಕೊಳ್ಳುತ್ತ.

ಜಿಪಾರ್‌ಗೆ ಊರ ಶಾಲೆಯ ಕಚೇರಿಯಲ್ಲಿ ಕೆಲಸ. ಶಾಲೆಯವರು ಬೇಡವೆಂದು ಬಿಸಾಕಿದ ಕಂಪ್ಯೂಟರನ್ನು ಮನೆಗೆ ತಂದಿಟ್ಟುಕೊಂಡಿದ್ದಳು. ಮಾವನ ಕೊನೆಯ ಚಳಿಗಾಲದಲ್ಲಿ, ಮುದುಕನ ಕೆಮ್ಮು ಕೇಳಿ ಅವಳಿಗೇ ಗಾಬರಿಯಾಗಿ, ಆತನನ್ನು ಅದರ ಮುಂದೆ ಕೂರಿಸಿ ಮಾತಾಡಿಸಿ ದನಿ ಮುದ್ರಿಸಿಕೊಂಡಳು. ಸಾವಿರದ ಒಂಬೈನೂರ ಹದಿನಾರನೆಯ ಇಸವಿಯ ಕಥೆ ಅದು. ತ್ಸಾರ್ ಚಕ್ರವರ್ತಿಯ ಸೈನ್ಯಕ್ಕೆ ಹೆದರಿ ಇವರ ಹಿರಿಯರೆಲ್ಲ ಹಿಮದ ಕಣಿವೆ ಹತ್ತಿ ಚೀನಾದ ಕಡೆ ಓಡಿದ್ದರು. ದಾರಿಯಲ್ಲಿ ಮುದುಕನ ಸೋದರತ್ತೆ, ಎಳೆ ಹುಡುಗಿ, ತಪ್ಪಿಹೋದಳು. ಆಮೇಲೆ ಅವಳನ್ನು ಸಾಕಿದವರು ಯಾರು, ಯಾವ ಊರಲ್ಲಿ ಅವಳ ಮಕ್ಕಳು ಮೊಮ್ಮಕ್ಕಳು ಇದ್ದಾರೆ ಎಂಬುದು ವಂಶದಲ್ಲಿ ಆತನೊಬ್ಬನಿಗೇ ಗೊತ್ತಿತ್ತು; ಅದುವರೆಗೆ ಯಾರು ಕೇಳಿದರೂ ಆತ ಬಾಯಿಬಿಟ್ಟಿರಲಿಲ್ಲ. ಗಡಿಯಾಚೆಯ ಆ ರಕ್ತವನ್ನು ಹುಡುಕಬೇಕೆಂದು ಊರಿನ ಹಿರಿಯರೆಲ್ಲ ಎಷ್ಟೋ ವರ್ಷದಿಂದ ಹಪಹಪಿಸುತ್ತಿದ್ದರು.

ಮುದುಕ ಹೇಳಿದ. ಸೊಸೆ ಚಹಾ ಹಾಕಿಕೊಡುತ್ತ ಕೇಳಿದಳು. ಕೊನೆಗೆ ಅದನ್ನು ಉಳಿಸಿಡಲು ಫೋಲ್ಡರಿಗೊಂದು ಹೆಸರು ಬೇಕಾಯಿತು. ಕೋಣೆಯಲ್ಲಿ ಯಾರೂ ಇರಲಿಲ್ಲ, ಆದರೂ ಅವಳ ಬೆರಳು ಮಾವನ ಹೆಸರನ್ನು ಒತ್ತಲಿಲ್ಲ. ‘ಬೂದು ಕುದುರೆ’ ಎಂದು ಬರೆದಿಟ್ಟಳು.

ವಸಂತದಲ್ಲಿ ಕಾಲಿಪಾ ಬಂದು, ಮೊಮ್ಮಗನ ಓದಿಗೆ ಬೇಕು ಎಂದು ಕಂಪ್ಯೂಟರನ್ನು ಎತ್ತಿಕೊಂಡು ಹೋದಳು. ಬೇಸಿಗೆಯಲ್ಲಿ ಮುದುಕ ತೀರಿಕೊಂಡ. ಆತ ಹೇಳಿದ ಕಥೆ ಆ ಕಂಪ್ಯೂಟರಿನಲ್ಲಿದೆ ಎಂದು ಜಿಪಾರ್ ಆಗ ಮನೆಯವರಿಗೆ ತಿಳಿಸಿದಳು. ನಲವತ್ತನೆಯ ದಿನದ ಊಟಕ್ಕೆ ನೆಂಟರೆಲ್ಲ ಸೇರಿದಾಗ ಕಾಲಿಪಾ ಆ ಪೆಟ್ಟಿಗೆಯನ್ನು ವಾಪಸು ತಂದು ನಡುಮನೆಯಲ್ಲಿ ಕುಕ್ಕಿದಳು.

“ಎಲ್ಲಾ ಹುಡುಕಿದೆ. ಅಪ್ಪನ ಹೆಸರಲ್ಲಿ ಇದರಲ್ಲಿ ಏನಂದ್ರೆ ಏನೂ ಇಲ್ಲ. ಇವಳೇ ಅಳಿಸಿ ಹಾಕಿದಾಳೆ!”

“ನಾನು ಅಳಿಸಿಲ್ಲ ಅಕ್ಕಾ.”

“ಮತ್ತೆ ದೆವ್ವ ಬಂದು ಅಳಿಸ್ತಾ?”

“ಅದು ಬೇರೆ ಹೆಸರಲ್ಲಿ...”

“ಮುಚ್ಚೇ ಬಾಯಿ! ಹಿರೀಕರು ಕೂತಿದ್ದಾರೆ, ಸೊಸೆ ಎದುರುತ್ತರ ಕೊಡ್ತಾಳಂತೆ!”

ಮೆಲಿಸ್ ತನ್ನ ಕಾಲ್ಚೀಲ ನೋಡುತ್ತ ಕೂತಿದ್ದ. ರಾತ್ರಿ ಜಿಪಾರ್ ಪೆಟ್ಟಿಗೆ ತೆರೆದು ನೋಡಿದಳು; ಫೋಲ್ಡರು ನಿಜಕ್ಕೂ ಇರಲಿಲ್ಲ. ಅಂದಿನಿಂದ ಊರಲ್ಲಿ ಅವಳು ಮಾವನ ದನಿ ನುಂಗಿದವಳು. ಮದುವೆ ಮನೆಗಳಲ್ಲಿ ಹಿಟ್ಟು ನಾದಲು ಅವಳನ್ನು ಕರೆಯುವುದೂ ನಿಂತಿತು. ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

ವರ್ಷ ಮುಗಿದು, ಸತ್ತವನ ಹೆಸರಲ್ಲಿ ಊರಿಗೆಲ್ಲ ಬಡಿಸುವ ದೊಡ್ಡ ಊಟ ಹತ್ತಿರ ಬಂತು. ಕಳಂಕ ಹೊತ್ತುಕೊಂಡು ಆ ಪಂಕ್ತಿಗೆ ಬಡಿಸಲಾರೆ ಎಂದು ಜಿಪಾರ್ ಪೆಟ್ಟಿಗೆಯನ್ನು ಹಳೆ ಶಾಲಿನಲ್ಲಿ ಕಟ್ಟಿ ಕಾರಾಕೋಲ್ ಬಜಾರಿನ ರಿಪೇರಿ ಅಂಗಡಿಗೆ ಒಯ್ದಳು. ಯಾರೋ ಸುದ್ದಿ ಮುಟ್ಟಿಸಿದ್ದರು. ಕಾಲಿಪಾ ಅಲ್ಲಿ ಮೊದಲೇ ಬಂದು ಸ್ಟೂಲಿನ ಮೇಲೆ ಕೂತಿದ್ದಳು.

“ಕಳ್ಳಿ ಇನ್ನೇನು ಒರೆಸ್ತಾಳೋ ನೋಡೋಣ ಅಂತ ಬಂದೆ.”

ಅಂಗಡಿಯ ಯೂಸುಪ್ ಪೆಟ್ಟಿಗೆ ಬಿಚ್ಚಿ ಡಿಸ್ಕು ತೆಗೆದು ತನ್ನ ಯಂತ್ರಕ್ಕೆ ಸಿಕ್ಕಿಸಿದ. “ಅಳಿಸಿದ್ರೂ ಎಲ್ಲಾ ಹೋಗಿರಲ್ಲ. ಅದರ ಮೇಲೆ ಬೇರೆ ಏನೂ ಬಂದು ಕೂತಿರದಿದ್ರೆ ಸಿಗುತ್ತೆ. ಏನಂತ ಹುಡುಕಲಿ?”

“ಕಾಸಿಮಾಲಿ ಅಂತ ಹುಡುಕು,” ಎಂದಳು ಕಾಲಿಪಾ.

ಸಿಗಲಿಲ್ಲ. ಕಾಲಿಪಾ ತಮ್ಮನ ಹೆಂಡತಿಯ ಮುಖ ನೋಡಿ ನಕ್ಕಳು.

“ಬೂದು ಕುದುರೆ ಅಂತ ಹುಡುಕಣ್ಣಾ,” ಎಂದಳು ಜಿಪಾರ್.

ಕಾಲಿಪಾಳ ನಗು ಅಲ್ಲೇ ನಿಂತುಹೋಯಿತು. ಯೂಸುಪ್ ಪರದೆಯತ್ತ ಬಾಗಿದ. “ಇದೆ. ಅಳಿಸಿರೋದು ಹೋದ ವರ್ಷ ಏಪ್ರಿಲ್‌ನಲ್ಲಿ. ಅದೇ ದಿನ ಇದಕ್ಕೆ ಒಂದು ಟ್ಯಾಂಕ್ ಆಟ ಹಾಕಿದ್ದಾರೆ. ಆಟ ಅರ್ಧದ ಮೇಲೆ ಬಂದು ಕೂತಿದೆ. ಅರ್ಧ ಕೊಡಬಲ್ಲೆ, ಇನ್ನರ್ಧ ದೇವರು ಬಂದ್ರೂ ಸಿಗಲ್ಲ.”

ಏಪ್ರಿಲ್‌ನಲ್ಲಿ ಪೆಟ್ಟಿಗೆ ಯಾರ ಮನೆಯಲ್ಲಿತ್ತು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ನಾನು ಕುದುರೆ ಫೋಟೋ ಅಂದ್ಕೊಂಡೆ!” ಕಾಲಿಪಾ ಕಿರುಚಿದಳು. “ಆಟಕ್ಕೆ ಜಾಗ ಇಲ್ಲ ಅಂತ ಹುಡುಗ ಅಳ್ತಿದ್ದ. ಮನುಷ್ಯರ ಹಾಗೆ ನಮ್ಮಪ್ಪನ ಹೆಸರು ಬರೆದಿದ್ರೆ ನಾನು ಮುಟ್ತಿದ್ನಾ? ತಪ್ಪು ನಿಂದೇ!”

“ಬರೆದಿದ್ರೆ ಏನನ್ನುತ್ತಿದ್ದೆ ಅಕ್ಕಾ? ಸೊಸೆ ಮಾವನ ಹೆಸರು ಹಿಡಿದಳು, ಹದ್ದುಮೀರಿದಳು ಅಂತ ಊರೆಲ್ಲ ಡಂಗುರ ಹೊಡೀತಿರಲಿಲ್ವಾ?”

“ಹೊಡೀತಿದ್ದೆ! ನಿನ್ನಂಥವಳಿಗೆ ಏನು ಮಾಡಿದ್ರೂ ಕಮ್ಮಿ.”

“ಹಾಗಾದ್ರೆ ಊಟದ ದಿನ ಎಲ್ಲರ ಮುಂದೆ ನಿಜ ಹೇಳು. ನನ್ನ ಮೇಲೆ ತಪ್ಪು ಹೊರಿಸಿದ್ದು ಅದೇ ಬಾಯಿ ತಾನೇ?”

ಕಾಲಿಪಾ ತಲೆಯ ಶಾಲು ಸರಿಮಾಡಿಕೊಂಡಳು. “ನೋಡೋಣ,” ಎಂದು ಹೊರಟುಹೋದಳು. ಯೂಸುಪ್ ತೆಗೆದುಕೊಟ್ಟ ಅರ್ಧವನ್ನು ಜಿಪಾರ್ ಪೆಟ್ಟಿಗೆಯ ಜೊತೆ ಮನೆಗೆ ತಂದಳು.

ಊಟದ ದಿನ ಅಂಗಳದಲ್ಲಿ ಕಂಬಳಿಯ ಡೇರೆ ಎದ್ದಿತ್ತು. ಒಳಗೆ ಬಾಗಿಲಿಗೆ ಎದುರಾಗಿ, ಹಿರಿಯರ ಜಾಗದಲ್ಲಿ, ವಂಶಕ್ಕೆಲ್ಲ ದೊಡ್ಡವನಾದ ಸಾತಾರ್ ಅಜ್ಜ ಕೂತಿದ್ದ. ಜಿಪಾರ್ ಬಾಗಿಲ ಬಳಿ ಚಹಾಕ್ಕೆ ನೀರು ಕುದಿಸುವ ಸಮೋವರಿನ ಪಕ್ಕ ಮಂಡಿಯೂರಿ ಚಹಾ ಹೊಯ್ಯುತ್ತಿದ್ದಳು. ಕುದುರೆ ಮಾಂಸದ ತಟ್ಟೆಗಳು ಖಾಲಿಯಾದವು. ಆಗ ಕಾಲಿಪಾ ಎದ್ದು ನಿಂತು ಕಣ್ಣೊರೆಸಿಕೊಂಡಳು.

“ಅಪ್ಪನ ದನಿ ಸಿಗಲಿ ಅಂತ ನಾನು ತಿರುಗದ ಅಂಗಡಿ ಇಲ್ಲ. ಅರ್ಧ ಉಳಿಸಿ ತಂದಿದ್ದೀನಿ. ಉಳಿದದ್ದನ್ನ ಅಳಿಸಿದವರನ್ನ ದೇವರು ನೋಡ್ಕೊಳ್ಳಲಿ.”

ಆಹಾ, ಎಂಥ ಬಾಯಿ! ಎಲ್ಲರ ಕಣ್ಣೂ ಬಾಗಿಲ ಕಡೆ ತಿರುಗಿದವು. ಮೆಲಿಸ್ ಗಂಟಲು ಸರಿಮಾಡಿಕೊಂಡ. ಆಮೇಲೆ ಅಕ್ಕ ಕೈಮಾಡಿದಂತೆ ಎದ್ದು ಹೋಗಿ ಕಂಪ್ಯೂಟರಿನ ಗುಂಡಿ ಒತ್ತಿದ.

ಸ್ಪೀಕರಿನಲ್ಲಿ ಮುದುಕನ ಕೆಮ್ಮು ಕೇಳಿತು. ಆಮೇಲೆ ದನಿ. ಹಿಮ, ಕಣಿವೆ, ಸತ್ತು ಬಿದ್ದ ಒಂಟೆಗಳು, ಬೆನ್ನಿಗೆ ಕಟ್ಟಿದ ಕೂಸುಗಳು. “ಸೊಸೆ, ಇನ್ನೊಂದು ಗುಟುಕು ಹಾಕಮ್ಮ,” ಎಂದಿತು ದನಿ ನಡುವೆ. ಮತ್ತೆ ಮುಂದುವರಿಯಿತು: “ಬೆಳಗ್ಗೆ ಎದ್ದು ನೋಡಿದ್ರೆ ಹುಡುಗಿ ಇಲ್ಲ. ಅವಳನ್ನ ಎತ್ಕೊಂಡು ಹೋದೋರು ಯಾರಂದ್ರೆ...”

ಅಲ್ಲಿಗೆ ನಿಂತಿತು. ಕಾದರು. ಏನೂ ಬರಲಿಲ್ಲ.

ಸಾತಾರ್ ಅಜ್ಜ ಇದ್ದಲ್ಲಿಂದಲೇ ಮುಂದಕ್ಕೆ ಬಾಗಿದ. “ಸೊಸೆ, ಅಲ್ಲೇ ಇದ್ದೆಯಲ್ಲಮ್ಮ ನೀನು. ಚಹಾ ಹಾಕ್ತಿದ್ದೆ. ಮುಂದೇನಂದ ಅವನು?”

“ಪೂರ್ತಿ ಕೇಳಿದೀನಿ ಅಜ್ಜ. ಒಂದಕ್ಷರ ಮರೆತಿಲ್ಲ.”

ಡೇರೆಯಲ್ಲಿ ಗುಜುಗುಜು ಎದ್ದಿತು. ಕಾಲಿಪಾ ಮುನ್ನುಗ್ಗಿ ಬಂದಳು. “ಅದರ ತುಂಬ ನಮ್ಮ ಹಿರಿಯರ ಹೆಸರುಗಳಿವೆ! ಸೊಸೆ ಬಾಯಲ್ಲಿ ಅವೆಲ್ಲ ಬರೋದಾ? ಥೂ!”

“ನೀ ಸುಮ್ನಿರು,” ಎಂದ ಅಜ್ಜ. “ನಾನು ಅಪ್ಪಣೆ ಕೊಟ್ಟಿದ್ದೀನಿ. ಹೇಳಮ್ಮ, ದಮ್ಮಯ್ಯ. ನಾನು ಸಾಯೋ ಮೊದಲು ಗಡಿಯಾಚೆಯ ನಮ್ಮವರನ್ನ ನೋಡಬೇಕು.”

ಜಿಪಾರ್ ಮೊದಲ ಸಲ ಆ ಡೇರೆಯಲ್ಲಿ ತಲೆಯೆತ್ತಿ ಮಾತಾಡಿದಳು. “ಅಳಿಸಿದ್ದು ನಾನಲ್ಲ. ಮೊಮ್ಮಗನ ಆಟಕ್ಕೆ ಜಾಗ ಮಾಡೋಕೆ ಇವಳೇ ಅಳಿಸಿದ್ದು, ರಿಪೇರಿಯವನ ಮುಂದೆ ಒಪ್ಪಿಕೊಂಡಿದಾಳೆ. ಒಂದು ವರ್ಷ ನೀವೆಲ್ಲ ನನ್ನನ್ನ ಕಳ್ಳಿ ಅಂದ್ರಿ. ಕಥೆ ನಿನಗೆ ಗೊತ್ತಾ ಅಂತ ಒಬ್ಬರಾದ್ರೂ ಕೇಳಿದ್ರಾ? ಕೇಳಿದ್ರೆ ಅವತ್ತೇ ಹೇಳ್ತಿದ್ದೆ. ಈಗ ಹೇಳಲ್ಲ.”

“ನಿನ್ನ ಮಕ್ಕಳ ರಕ್ತಾನೂ ಅದೇ ಅಲ್ವೇನೇ!” ಎಂದ ಮೆಲಿಸ್, ಕೊನೆಗೂ.

ಅವಳು ಗಂಡನ ಕಡೆ ನೋಡಲಿಲ್ಲ. ಸಾತಾರ್ ಅಜ್ಜನ ಬಟ್ಟಲು ಬಾಗಿಲವರೆಗೆ ಕೈಯಿಂದ ಕೈಗೆ ಬಂದಿತ್ತು. ದೊಡ್ಡವರಿಗೆ ಅದರ ತಳ ಮುಚ್ಚುವಷ್ಟು ಮಾತ್ರ ಚಹಾ ಹಾಕುತ್ತಾರೆ, ಮತ್ತೆ ಮತ್ತೆ ಹಾಕುತ್ತಾರೆ, ಅದು ಮರ್ಯಾದೆ. ಬಟ್ಟಲು ತುಂಬ ಹಾಕಿದರೆ, ಕುಡಿದು ಎದ್ದು ಹೋಗಿ ಎಂದರ್ಥ. ಜಿಪಾರ್ ಆ ಬಟ್ಟಲಿಗೆ ಅಂಚಿನವರೆಗೂ ತುಂಬಿಸಿದಳು. ಆಮೇಲೆ ಕಾಲಿಪಾಳ ಬಟ್ಟಲಿಗೆ, ಗಂಡನ ಬಟ್ಟಲಿಗೆ, ಒಂದನ್ನೂ ಬಿಡದೆ ಎಲ್ಲರ ಬಟ್ಟಲಿಗೂ ತುಂಬಿಸುತ್ತ ಹೋದಳು.