ಕಲಾವತಮ್ಮನ ಅಂಗಳ, ಕಲಾವತಮ್ಮನ ಲೂನಾ

ಮಾಗಡಿ ರಸ್ತೆಯಲ್ಲಿ ಬಸ್ಸುಗಳ ಸದ್ದು ಇನ್ನೂ ಏರಿಲ್ಲ. ಬ್ಯಾಡರಹಳ್ಳಿಯ ಆಚೆಗಿನ ಪುಟ್ಟ ಕೈಗಾರಿಕಾ ವಠಾರದ ಗೇಟು ತೆಗೆದು ಕಲಾವತಮ್ಮ ಒಳಗೆ ಬರುತ್ತಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಪೊರಕೆ ಹಿಡಿಯುವ ಮೊದಲು ಶೆಡ್ಡುಗಳ ಮುಂದೆ ಒಂದು ಸುತ್ತು ಹಾಕುತ್ತಾರೆ. ರಾತ್ರಿ ಪಾಳಿಯವರು ಹೊರಗೇ ಬಿಟ್ಟುಹೋದ ಖಾಲಿ ಡ್ರಮ್ಮೊಂದು ಕಣ್ಣಿಗೆ ಬೀಳುತ್ತದೆ. ಅದನ್ನು ಉರುಳಿಸಿಕೊಂಡು ಹೋಗಿ ಆ ಶೆಡ್ಡಿನ ಶಟರಿಗೇ ಒರಗಿಸಿ ನಿಲ್ಲಿಸುತ್ತಾರೆ. "ಬಾಯಲ್ಲಿ ಹೇಳಿದ್ರೆ ಕೇಳಲ್ಲ ಸಾರ್. ಬಾಗಿಲಿಗೆ ಅಡ್ಡ ಇಟ್ರೆ ತಾವೇ ಒಳಗೆ ತಗೊಂಡು ಹೋಗ್ತಾರೆ," ಎಂದು ನಗುತ್ತಾರೆ.

ಶೆಡ್ಡಿಗೂ ಕಾಂಪೌಂಡಿಗೂ ನಡುವಿನ ಜಾಗ ಖಾಲಿ ಇರಬೇಕು, ಬೆಂಕಿ ಬಿದ್ದರೆ ಫೈರ್ ಇಂಜಿನ್ ಒಳಗೆ ಬಂದು ತಿರುಗಬೇಕು. ಇದು ವಠಾರದ ಮಾಲೀಕರ ಸಂಘದ ನಿಯಮ. ಆದರೆ ಇಲ್ಲಿನ ಎಲ್ಲ ಶೆಡ್ಡಿನವರಿಗೂ ಆ ಜಾಗ ಪುಕ್ಕಟೆ ಗೋಡೌನಿನಂತೆ ಕಾಣುತ್ತದೆ. ಹಿಂದೊಮ್ಮೆ ಸಂಘ ಗದರಿದಾಗ ಸರಕಿನ ಮೇಲೆ ಟಾರ್ಪಾಲ್ ಹೊದಿಸಿದರು. ಮತ್ತೆ ಗದರಿದಾಗ ಆ ಟಾರ್ಪಾಲ್ ಕಾಣದಂತೆ ಡ್ರಮ್ಮುಗಳದ್ದೇ ಗೋಡೆ ಕಟ್ಟಿದರು! ನಮ್ಮ ಜನರ ಬುದ್ಧಿಗೆ ಏನೆನ್ನಬೇಕು? ಆ ಗೋಡೆ ಬಿಚ್ಚಿಸುವಷ್ಟರಲ್ಲಿ ಕಲಾವತಮ್ಮ ಎಲ್ಲರಿಗೂ ನಿಷ್ಠುರವಾದರು. ಕಸ ಗುಡಿಸುವ ಹೆಂಗಸಿನ ಮಾತು ಯಾಕೆ ಕೇಳಬೇಕು ಎಂಬ ಗೊಣಗಾಟ ಆಗಲೂ ಇತ್ತು, ಈಗಲೂ ಇದೆ.

ಗಂಡ ಚಂದ್ರಪ್ಪ ಇದೇ ವಠಾರದಲ್ಲಿ ಲೇತ್ ಕೆಲಸ ಮಾಡುತ್ತಿದ್ದವರು. ಅವರು ತೀರಿಕೊಂಡ ಮೇಲೆ ಸಂಘ ಕಲಾವತಮ್ಮನಿಗೆ ಅಂಗಳ ನೋಡಿಕೊಳ್ಳುವ ಕೆಲಸ ಕೊಟ್ಟಿತು. ಉಲ್ಲಾಳದ ಬಾಡಿಗೆ ಮನೆಯಲ್ಲಿ ನಿಲ್ಲಿಸಲು ಜಾಗವಿಲ್ಲದೆ ಚಂದ್ರಪ್ಪನ ಹಳೆಯ ಲೂನಾ ಮೊಪೆಡ್ ಇಲ್ಲೇ, ನೀರಿನ ತೊಟ್ಟಿಯ ಹಿಂದೆ ಉಳಿಯಿತು. ಎಲ್ಲರ ಸಾಮಾನನ್ನೂ ಒಳಗೆ ಹಾಕಿಸಿದ ಕೈ ಗಂಡನ ಗಾಡಿಯನ್ನು ಮಾತ್ರ ಮುಟ್ಟಲಿಲ್ಲ.

ಅದನ್ನು ಎತ್ತಿ ತೋರಿಸಿದವರು ಮರದ ಪೆಟ್ಟಿಗೆ ತಯಾರಿಸುವ ಮೋಹನ್ ಕುಮಾರ್. ಒಂದು ಶನಿವಾರ, ಹಲಗೆಗಳನ್ನು ಒಳಗಿಡಿ ಎಂದು ಕಲಾವತಮ್ಮ ಹೇಳಿದಾಗ, "ಮೊದ್ಲು ನಿಮ್ಮ ಲೂನಾ ತೆಗೀರಮ್ಮ, ಆಮೇಲೆ ನಮ್ಮ ಹಲಗೆ ವಿಷಯ ಮಾತಾಡಿ," ಎಂದುಬಿಟ್ಟರು. ಮಾತು ಚುಚ್ಚಿತು, ಯಾಕೆಂದರೆ ಅದು ನ್ಯಾಯವಾಗಿತ್ತು.

"ಅವತ್ತು ಊಟ ಸೇರ್ಲಿಲ್ಲ ಸಾರ್. ಗುಜರಿಗೆ ಹಾಕಿದ್ರೆ ನಮ್ಮೋರ್ದು ಅಂತ ಏನೂ ಉಳಿಯಲ್ಲ. ಇಟ್ಕೊಂಡ್ರೆ ಇನ್ನೊಬ್ರಿಗೆ ಹೇಳೋಕೆ ನಂಗೆ ಮುಖ ಇಲ್ಲ," ಎನ್ನುತ್ತಾರೆ. ಸೋಮವಾರ ಬಾ ಎಂದು ಗುಜರಿಯವನಿಗೆ ಹೇಳಿಯೂ ಆಗಿತ್ತು.

ವಠಾರದ ಕೊನೆಯ ಶೆಡ್ಡು ಹವ್ಯಾಸಿಗಳದ್ದು. ನಿವೃತ್ತ ಮೇಷ್ಟ್ರು ಶ್ಯಾಮಸುಂದರ ಮತ್ತು ಗೆಳೆಯರು ಭಾನುವಾರಗಳಂದು ಅಲ್ಲಿ ತಮ್ಮ ಹಳೆಯ ಸ್ಕೂಟರುಗಳನ್ನು ಬಿಚ್ಚಿ ಜೋಡಿಸುತ್ತಾರೆ. ಸಂಘ ಅವರಿಗೂ ಕಟ್ಟುಪಾಡು ಹಾಕಿದೆ. ಕೆಲಸವೆಲ್ಲ ಒಳಗೇ ಆಗಬೇಕು, ವ್ಯಾಪಾರ ಕೂಡದು, ಕೆಲಸ ನಡೆಯದ ಗಾಡಿಯನ್ನು ಸುಮ್ಮನೆ ಇಟ್ಟುಕೊಳ್ಳುವಂತೆಯೂ ಇಲ್ಲ. ಮರುದಿನ ಲೂನಾ ವಿಷಯ ಕೇಳಿ ಮೇಷ್ಟ್ರು ಗಾಡಿ ನಮ್ಮ ಶೆಡ್ಡಿನೊಳಗೆ ತನ್ನಿ ಎಂದರು. ಹಾಗಾದರೆ ನೀವೇ ರಿಪೇರಿ ಮಾಡಿಕೊಡಿ ಎಂದು ಕಲಾವತಮ್ಮ ಕೈಮುಗಿದರೆ, ಅದು ಮಾತ್ರ ಆಗುವುದಿಲ್ಲವೆಂದರು.

"ಇನ್ನೊಬ್ರ ಗಾಡಿ ನಾವು ಮಾಡ್ಕೊಟ್ರೆ ಇದು ಗ್ಯಾರೇಜ್ ಆಗ್ಬಿಡುತ್ತೆ ಕಲಾವತಮ್ಮ. ನಿಮ್ಮ ಗಾಡಿ, ನೀವೇ ಮಾಡ್ಬೇಕು. ನಾವು ಹೇಳ್ಕೊಡ್ತೀವಿ."

"ನಂಗೆ ಸ್ಪ್ಯಾನರ್ ಹಿಡಿಯೋಕೂ ಬರಲ್ಲ ಸಾರ್."

"ನಮಗೂ ಬರ್ತಿರ್ಲಿಲ್ಲ," ಎಂದರು ಮೇಷ್ಟ್ರು.

ಲೂನಾ ಅವತ್ತೇ ಕೊನೆಯ ಶೆಡ್ಡಿನೊಳಗೆ ಸೇರಿತು. ಸೋಮವಾರ ಬಂದ ಗುಜರಿಯವನು ಬರಿಗೈಯಲ್ಲಿ ಹಿಂತಿರುಗಿದ. ಕಲಾವತಮ್ಮ ನೇರವಾಗಿ ಮೋಹನ್ ಕುಮಾರ್ ಶೆಡ್ಡಿಗೆ ಹೋಗಿ, "ನಂದು ತೆಗ್ದಾಯ್ತು ಸಾರ್. ಈಗ ನಿಮ್ಮ ಹಲಗೆ?" ಎಂದರು. ಅವರು ಕೆಲಸದವರನ್ನು ಕರೆದು ಹಲಗೆಗಳನ್ನು ಎತ್ತಿಸಿದರು.

ಈಗ ಭಾನುವಾರ ಬಂತೆಂದರೆ ಕಲಾವತಮ್ಮ ಕೊನೆಯ ಶೆಡ್ಡಿನಲ್ಲಿ, ಗೋಣಿಚೀಲದ ಮೇಲೆ ಕುಳಿತು ಸೀಮೆಎಣ್ಣೆಯಲ್ಲಿ ಚೈನು ತೊಳೆಯುತ್ತಿರುತ್ತಾರೆ. ಮುಂಗೈವರೆಗೂ ಗ್ರೀಸು. ಗಾಡಿ ಓಡುವುದು ಇನ್ನೂ ದೂರದ ಮಾತು. ಮುಗಿದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದರೆ ಗಾಬರಿಯಾಗುತ್ತಾರೆ, ಮುಗಿದರೆ ಗಾಡಿ ಶೆಡ್ಡು ಬಿಟ್ಟು ಹೊರಡಬೇಕಲ್ಲ! "ಅದಕ್ಕೇ ಸ್ವಲ್ಪ ನಿಧಾನಕ್ಕೇ ಮಾಡ್ತಾ ಇದೀನಿ," ಎಂದು ಪಿಸುಗುಟ್ಟುತ್ತಾರೆ.

ಅಷ್ಟರಲ್ಲಿ ಫೋನು ಬಡಿದುಕೊಳ್ಳುತ್ತದೆ. ಮಲ್ಲತ್ತಹಳ್ಳಿಯಿಂದ ತಂಗಿ ಯಶೋದಮ್ಮ. ಕಲಾವತಮ್ಮ ಗ್ರೀಸಿನ ಕೈ ತೋರಿಸಿ, ಫೋನು ಎತ್ತದೆ ಮತ್ತೆ ಚೈನಿಗೆ ಕೈ ಹಾಕುತ್ತಾರೆ.

"ಮೊದ್ಲೆಲ್ಲ ಭಾನುವಾರ ಯಾರು ಕರೆದ್ರೂ ಹೋಗ್ತಿದ್ದೆ ಸಾರ್. ಅವ್ರ ಮನೇಲಿ ಪಾತ್ರೆ, ಇವ್ರ ಮನೇಲಿ ಅಡುಗೆ. ಈಗ ಪುರ್ಸೊತ್ತಿಲ್ಲ ಅಂತೀನಿ. ಅಂಥದ್ದೇನು ಕೆಲಸ ಅಂತ ತಂಗಿ ರೇಗ್ತಾಳೆ. ನಂದೇ ಒಂದು ಕೆಲಸ ಐತೆ ಕಣೇ, ಅಂತೀನಿ."